ಮೂರು ಸಲ ಎತ್ತಿದ ಕುರ್ಚಿ

ನಮ್ಮ ಯಜಮಾನರು, ಕ್ಲಾವ್ಸ್ ದುಂಪಿಸ್, ಹುಟ್ಟಿದ್ದು ಲಾಟ್ವಿಯಾದ ಸೇಸಿಸ್ ಊರಿನ ಪಕ್ಕ, ಗೇಣಿದಾರರ ಮನೆಯಲ್ಲಿ. ಜರ್ಮನರನ್ನು ಓಡಿಸುತ್ತೇನೆಂದು ಸಾವಿರದ ಒಂಬೈನೂರ ಹದಿನೈದರಲ್ಲಿ ರಷ್ಯದ ಚಕ್ರವರ್ತಿಯ ಬಂದೂಕು ಹಿಡಿದರು. ಎರಡೇ ವರ್ಷಕ್ಕೆ ಚಕ್ರವರ್ತಿ ಹೋದ, ಅದೇ ಬಂದೂಕು ಕೆಂಪು ಸೇನೆಯದಾಯಿತು. ಯಾರಿಗಾಗಿ, ಯಾರ ಮೇಲೆ ಎಂದು ಕೇಳಿದರೆ, "ನಂಗೂ ಪೂರ್ತಿ ಗೊತ್ತಾಗ್ಲಿಲ್ಲ ಮಿಲ್ಡಾ, ನಡೀತಾ ಇದ್ವಿ" ಎನ್ನುತ್ತಿದ್ದರು. ನಡೆಯುತ್ತಲೇ ತುಕಡಿಯ ನಾಯಕರಾದರು, ಕ್ರಿಮಿಯಾದಲ್ಲಿ ಕಾಲಿಗೆ ಗುಂಡು ತಿಂದರು, ಪದಕ ಬಂತು, ಕೊನೆಗೆ ಸ್ಮೊಲೆನ್ಸ್ಕಿನಲ್ಲಿ ಒಂದು ರೆಜಿಮೆಂಟೇ ಅವರ ಕೈಗೆ ಬಂತು. ನಡುವೆ ಲಾಟ್ವಿಯಾ ಬೇರೆ ದೇಶವಾಯಿತು, ಊರಿಗೆ ಹೋಗಬಹುದಿತ್ತು, ಹೋಗಲಿಲ್ಲ.

ಮೂವತ್ತೇಳರ ಡಿಸೆಂಬರ್ ಆರು, ಅವರ ಹೆಸರಿನ ದಿನ; ನಮ್ಮ ಕ್ಯಾಲೆಂಡರಿನಲ್ಲಿ ಒಂದೊಂದು ಹೆಸರಿಗೂ ಒಂದೊಂದು ದಿನವಿದೆ. ನಮ್ಮ ಲಾಟ್ವಿಯನ್ನರಲ್ಲಿ ಹೆಸರಿನ ದಿನಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ನೆನಪಿದ್ದವರು ಬರುತ್ತಾರೆ. ಹಂದಿಮಾಂಸ, ಈರುಳ್ಳಿ ತುಂಬಿದ ಪುಟ್ಟ ಬನ್ನು, ನಮ್ಮ ‘ಪೀರಾಗಿ’, ಬೇಯಿಸಿಟ್ಟಿದ್ದೆ. ಸಂಜೆ ಒಂಬತ್ತು ಜನ ಬಂದರು, ಎಲ್ಲರೂ ಸೇನೆಯವರೇ. ಕುರ್ಚಿಗೆ ಹಸಿರು ಟೊಂಗೆ ಸುತ್ತಿ, ಅವರನ್ನು ಕೂರಿಸಿ, ಮೂರು ಸಲ ಮೇಲಕ್ಕೆತ್ತಿದರು.

"ಮೆಲ್ಲಗ್ರೋ, ಪೀರಾಗಿ ಎಲ್ಲಾ ಇವನ ಹೊಟ್ಟೇಲೇ ಇದೆ!" ಎಂದು ಗೆಳೆಯ ಯೆಕಾಬ್ಸ್ ನರಳಿದ.

ಎದುರುಮನೆಯ ಕಿಟಕಿಯಲ್ಲಿ ಯಾರೋ ನಿಂತು ನೋಡುತ್ತಿದ್ದರು. ನಾನೇ ಕೈಬೀಸಿದೆ.

ಲಾಟ್ವಿಯನ್ನರೆಂದರೆ ಗೂಢಚಾರರೆಂದು ಅನುಮಾನಿಸುತ್ತಿದ್ದ ಕಾಲ; ನಾಲ್ಕನೇ ದಿನ ಗುಪ್ತ ಪೊಲೀಸರು ಅವರನ್ನು ಕವಾಯತು ಮೈದಾನದಿಂದಲೇ ಹಿಡಿದುಕೊಂಡು ಹೋದರು. ವಿಚಾರಣೆಗೆ ನನಗೂ ಕರೆ ಬಂತು. ಇದ್ದದ್ದು ಇದ್ದಹಾಗೆ ಹೇಳಿದರೆ ಬಿಟ್ಟುಬಿಡುತ್ತಾರೆ ಎಂದುಕೊಂಡು ಹೋದೆ.

ಮೇಜಿನಾಚೆ ಒಬ್ಬ ರಷ್ಯನ್ ಅಧಿಕಾರಿ. "ಒಂಬತ್ತು ಜನಾನ ಕರೆಸಿದ್ಯಾರು?"

"ಯಾರೂ ಕರೀಲಿಲ್ಲ ಸ್ವಾಮಿ. ನಮ್ಮಲ್ಲಿ ಕರೆಯೋ ಪದ್ಧತೀನೇ ಇಲ್ಲ."

"ಕರೀದೇ ಒಂಬತ್ತು ಜನ ಒಂದೇ ಸಂಜೆ ಬಂದ್ರಾ? ಕಿವಿಗೆ ಹೂ ಇಡ್ಬೇಡಿ. ಮೇಲೆತ್ತಿ ಅವನನ್ನ ನಾಯಕ ಅಂತ ಆರಿಸಿದ್ರಿ. ಯಾವ ಗುಂಪಿಗೆ?"

"ಹೆಸರಿಗೋಸ್ಕರ ಎತ್ತೋದು. ನನ್ನ ದಿನ ಬಂದಾಗ ನನ್ನನ್ನೂ ಎತ್ತಿದ್ರು."

"ಓಹೋ, ನೀವೂ ನಾಯಕಿ!"

ನನಗೆ ನಗು ಬಂತು. ಆತ ನಗಲಿಲ್ಲ. "ಮೂರೇ ಸಲ ಯಾಕೆ? ಏನದು ಸಂಕೇತ?"

ಯಾಕೆ? ನಮ್ಮಜ್ಜಿಯ ಕಾಲದಿಂದಲೂ ಮೂರೇ. ಏನಾದರೂ ಹೊಳೆಯಲೆಂದು ತಡಕಾಡಿದೆ. "ಗೊತ್ತಿಲ್ಲ" ಎಂದೆ. ಆತ ಅದನ್ನೇ ಬರೆದುಕೊಂಡ. ಏನಾದರೊಂದು ಸುಳ್ಳು ಹೇಳಿದ್ದರೆ ನಮ್ಮವರು ಉಳಿಯುತ್ತಿದ್ದರೇನೋ, ಅಥವಾ ಇನ್ನೂ ಬೇಗ ಹೋಗುತ್ತಿದ್ದರೇನೋ.

ನಾನು ಜೈಲಿಗೆ ಕೊಟ್ಟ ಉಣ್ಣೆಯ ಕಾಲುಚೀಲ ಫೆಬ್ರವರಿಯಲ್ಲಿ ವಾಪಸ್ಸು ಬಂತು, ತೊಡುವವರು ಇಲ್ಲವಂತೆ.

ಹತ್ತೊಂಬತ್ತು ವರ್ಷದ ಮೇಲೆ ಕಚೇರಿಗೆ ಕರೆಸಿ ಕಾಗದ ಕೊಟ್ಟರು: ಕ್ಲಾವ್ಸ್ ದುಂಪಿಸ್ ನಿರಪರಾಧಿ.

"ಹಾಗಾದ್ರೆ ಯಾಕಮ್ಮಾ ಕೊಂದ್ರು?" ಎಂದು ಅಲ್ಲಿ ಕೂತ ಹುಡುಗಿಯನ್ನು ಕೇಳಿದೆ.

"ತಪ್ಪಿರ್ಲಿಲ್ಲ ಅಂತ ಬರೆದಿದ್ಯಲ್ಲಜ್ಜಿ. ಇಲ್ಲಿ ಸಹಿ ಹಾಕಿ."

ಹಾಕಿದೆ. ಯಾವುದಕ್ಕೆ ಒಪ್ಪಿದಂತಾಯಿತೋ, ಈಗಲೂ ತಿಳಿಯದು.