ಹೊನ್ನಾವರದಲ್ಲಿ ಇಳಿದವನು

ಹಲಸೂರಿನ ಕೆಂಪರಾಜ್ ಕೆರೆಯಲ್ಲಿ ಹಾಯಿದೋಣಿ ನಡೆಸಲು ಕಲಿತವನು. ಆ ಬಗ್ಗೆ ಬೀದಿಯಲ್ಲೆಲ್ಲ ಹೇಳಿಕೊಳ್ಳುತ್ತಿದ್ದ. 2006ರ ಬೇಸಿಗೆಯಲ್ಲಿ ಗೆಳೆಯ ಕಿರಣಕುಮಾರನೊಂದಿಗೆ ಪುಟ್ಟ ದೋಣಿಯಲ್ಲಿ ಮಲ್ಪೆಯಿಂದ ಕಾರವಾರಕ್ಕೆ ಹೊರಟ. ಗಾಳಿ ಎದುರಿನಿಂದ ಬೀಸುತ್ತಿತ್ತು. ದಿನವಿಡೀ ಅಡ್ಡಡ್ಡ ಸಾಗಿ ದಣಿದರೂ ದಡದ ಅದೇ ಗುಡ್ಡ ಕಾಣುತ್ತಿತ್ತು. ಕೆಂಪರಾಜ್ ವಾಂತಿ ಮಾಡುತ್ತ ದೋಣಿಯ ತಳದಲ್ಲಿ ಮಲಗಿಬಿಟ್ಟ. ಚುಕ್ಕಾಣಿ ಕಿರಣನ ಕೈಯಲ್ಲೇ ಉಳಿಯಿತು. ಹೇಗೋ ಹೊನ್ನಾವರ ಮುಟ್ಟಿದಾಗ ಕೆಂಪರಾಜ್ ಇಳಿದು ಬೆಂಗಳೂರಿನ ಬಸ್ಸು ಹತ್ತಿದ. ಕಿರಣ ಅಲ್ಲಿನ ಮೀನುಗಾರನೊಬ್ಬನನ್ನು ಕರೆದುಕೊಂಡು ಮುಂದೆ ಹೋದ.

ಹಲಸೂರಿನ ಅವನ ಬೀದಿಯ ಮೂಲೆಯಲ್ಲಿ ಗೆಳೆಯರು ಆಗಲೇ ಫ್ಲೆಕ್ಸ್ ಕಟ್ಟಿದ್ದರು: "ಸಮುದ್ರ ಗೆದ್ದ ಕೆಂಪರಾಜ್‌ಗೆ ಸುಸ್ವಾಗತ." ಅವನ ದೊಡ್ಡ ನಗುಮುಖದ ಕೆಳಗೆ ಶುಭ ಕೋರುವವರ ಸಣ್ಣ ಮುಖಗಳಿದ್ದವು.

"ಏನ್ ಗುರು, ಇಷ್ಟ್ ಬೇಗ ಕಾರವಾರ ಮುಟ್ಟಿ ಬಂದ್ಬಿಟ್ಟೆ! ಗಾಳಿ ಅಷ್ಟು ಜೋರಿತ್ತಾ?" ಎಂದ ಗೆಳೆಯ ಮುನಿಶಾಮಿ.

ಹೌದೆಂದಿದ್ದರೆ ಸಾಕಿತ್ತು.

"ದೋಣಿ ಇನ್ನೂ ಸಮುದ್ರದಲ್ಲೈತೆ ಮಗಾ. ನಾನು ಅರ್ಧದಲ್ಲೇ ಇಳಿದು ಬಸ್ಸಲ್ಲಿ ಬಂದೆ."

ತಾಯಿ ಗಂಗಲಕ್ಷ್ಮಮ್ಮ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಮೆತ್ತಗ್ ಮಾತಾಡೋ. ಭಾನುವಾರ ಹೆಣ್ಣಿನ ಕಡೆಯವ್ರು ಬರ್ತಾವ್ರೆ. ಅಲ್ಲೀವರ್ಗೂ ಫ್ಲೆಕ್ಸ್ ಇರ್ಲಿ ಬಿಡು."

"ಕಿರಣ ಬಂದು ಅದನ್ನ ನೋಡಿದ್ರೆ ನಾನು ಎಲ್ಲಿಗ್ ಹೋಗ್ಲಮ್ಮ?"

ಅವನೇ ಏಣಿ ತಂದು ಹತ್ತಿದ. ಮುನಿಶಾಮಿ ಕೆಳಗೆ ಏಣಿ ಹಿಡಿದುಕೊಂಡು, "ನನ್ನ ಮುಖ ಹುಷಾರು ಗುರು, ಫೋಟೋ ಚೆನ್ನಾಗ್ ಬಂದೈತೆ" ಎಂದ. ನೆರೆದವರು ನಕ್ಕರು. ಕೆಂಪರಾಜ್ ನಗಲಿಲ್ಲ. ಹಗ್ಗ ಬಿಚ್ಚಿ, ತನ್ನ ಮುಖ ಒಳಗಾಗುವಂತೆ ಫ್ಲೆಕ್ಸನ್ನು ಸುತ್ತಿಕೊಂಡು, ಯಾರನ್ನೂ ನೋಡದೆ ಇಳಿದ.