ಸ್ವಿಚ್ಚಿನ ಹಿಂದೆ ಮೂರು ಗಂಟು

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತಲೇ ಗಂಡ "ಸ್ಕ್ರೂಡ್ರೈವರ್ ಎಲ್ಲಿದೆ?" ಎಂದು ಕೇಳಿದಾಗ ಅವಳ ಎದೆ ಧಸಕ್ಕೆಂದಿತು.

ಅವನು ಬಸ್ಸಿನ ಡ್ರೈವರ್. ರಸ್ತೆಯ ಮೇಲೆ ಅವನಷ್ಟು ಜೋಪಾನದ ಮನುಷ್ಯ ಇನ್ನೊಬ್ಬನಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಕೋಳಿಯ ಪುಕ್ಕಕ್ಕೂ ತಾಗಿಸಿದವನಲ್ಲ. ಮನೆಯೊಳಗೆ ಕಾಲಿಟ್ಟನೆಂದರೆ ಮಾತ್ರ ಮೊದಲು ಕೈ ಹಾಕಿ ಆಮೇಲೆ ಯೋಚಿಸುವ ಪೈಕಿ. ಹಿಂದಿನ ವರ್ಷ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಸರಿಮಾಡಲು ಹೋಗಿ ಗೋಡೆಗೆ ಹಾರಿ ಬಿದ್ದಿದ್ದ. ಎದ್ದು ಕೂತವನು "ಅಷ್ಟೇನಿಲ್ಲ, ಸ್ವಲ್ಪ ಜುಮ್ಮಂತು" ಎಂದ. ಡಾಕ್ಟರು ಮಾತ್ರ ಎದೆಗೆ ಮೆಷಿನ್ನು ಹಚ್ಚಿ ನೋಡಿ, ಅವನನ್ನು ಬಿಟ್ಟು ಅವಳಿಗೆ ಹೇಳಿದ್ದರು: "ಇವರ ಹೃದಯ ಮೊದಲೇ ಅಷ್ಟಕ್ಕಷ್ಟೆ. ಇನ್ನೊಂದು ಸಲ ಹೀಗಾದ್ರೆ ನನ್ನ ಹತ್ರ ಕರ್ಕೊಂಡು ಬರೋ ಅವಶ್ಯಕತೆ ಇರಲ್ಲಮ್ಮ." ಆ ಮಾತನ್ನು ಅವಳು ಒಂದು ದಿನವೂ ಮರೆತಿರಲಿಲ್ಲ. ಅವನಿಗೆ ಅದು ನೆನಪೇ ಇರಲಿಲ್ಲ.

ಈ ಸಲ ಕೆಟ್ಟಿದ್ದು ಮೆಟ್ಟಿಲ ದೀಪದ ಸ್ವಿಚ್ಚು. ಕೆಳಗಿನ ಮನೆ ಇವರದು, ಮೇಲಿನದು ಅವಳ ಚಿಕ್ಕಮಾವನದು. ನಡುವೆ ಹದಿನೆಂಟು ಮೆಟ್ಟಿಲು, ಕಿಟಕಿಯಿಲ್ಲ, ತಿರುವಿನಲ್ಲಿ ಒಂದೇ ಒಂದು ಬಲ್ಬು. ಅದಕ್ಕೆ ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು. ಎಲ್ಲಿ ಒತ್ತಿದರೂ ಹತ್ತಬೇಕು, ಎಲ್ಲಿ ಒತ್ತಿದರೂ ಆರಬೇಕು. ಹದಿನೈದು ದಿನದಿಂದ ಕೆಳಗಿನ ಸ್ವಿಚ್ಚು ಚಟಪಟ ಎಂದು, ಸುಟ್ಟ ವಾಸನೆ ಬಿಟ್ಟು, ಕೊನೆಗೆ ಸುಮ್ಮನಾಗಿತ್ತು. ಅದು ಕೆಟ್ಟ ಮೇಲೆ ಮೇಲಿನ ಸ್ವಿಚ್ಚು ಒತ್ತಿದರೂ ದೀಪ ಹತ್ತುತ್ತಿರಲಿಲ್ಲ. ಚಿಕ್ಕಮಾವ ಹಗಲಲ್ಲೂ ಗೋಡೆ ತಡವಿಕೊಂಡೇ ಇಳಿಯುತ್ತಿದ್ದರು.

"ಎಲೆಕ್ಟ್ರಿಷಿಯನ್ನ ಕರೆಯೋಣ ರೀ."

"ಒಂದು ಸ್ವಿಚ್ಚಿಗೆ ಎಲೆಕ್ಟ್ರಿಷಿಯನ್ನಾ? ಒಂದು ಗುಂಡಿ ಹಾಕ್ಸೋಕೆ ಟೈಲರ್‌ನ ಕರೆದ ಹಾಗಾಯ್ತು."

"ಗುಂಡಿ ಹಾಕೋಕೂ ನೀವು ಈ ಟೈಲರ್‌ನೇ ಕರೆಯೋದು."

ಅವನು ಅದನ್ನು ಕಿವಿಗೆ ಹಾಕಿಕೊಳ್ಳದೆ ಮೇನ್ ಸ್ವಿಚ್ಚು ಇಳಿಸಿದ. ಫ್ಯಾನು ನಿಂತಿತು, ಫ್ರಿಜ್ಜಿನ ಗುಂಯ್‌ ನಿಂತಿತು. "ನೋಡು, ಇಡೀ ಮನೆ ಸತ್ತುಹೋಯ್ತು. ಇನ್ನು ಯಾವ ಭಯಾನೂ ಇಲ್ಲ" ಎಂದು ಬೋರ್ಡಿನ ಸ್ಕ್ರೂ ಬಿಚ್ಚಿ ಮುಂದಕ್ಕೆ ಎಳೆದ. ತಾನು ಬೆಳಿಗ್ಗೆ ತಂದಿದ್ದ ಹೊಸ ಸ್ವಿಚ್ಚನ್ನು ಪಕ್ಕದಲ್ಲಿ ಹಿಡಿದು ನೋಡಿದ. ಹಳೆಯದಕ್ಕೆ ಮೂರು ವೈರು, ಹೊಸದಕ್ಕೆ ಎರಡೇ ತೂತು.

"ತಪ್ಪು ಸ್ವಿಚ್ಚು ಕೊಟ್ಟಿದ್ದಾನೆ ಆ ಅಂಗಡಿಯೋನು!"

"ಅವನು ಕೊಟ್ಟಿದ್ದಲ್ಲ, ನೀವು ಕೇಳಿದ್ದು."

ಅವನು ಚಪ್ಪಲಿ ಮೆಟ್ಟಿಕೊಂಡು ಮೂಲೆಯಂಗಡಿಗೆ ಹೊರಟ. ದೊಡ್ಡವರಾದ ಗಂಡಸರು ಒಂದು ಸಣ್ಣ ಸಾಮಾನು ತರಲು ಎರಡು ಸಲ ಹೋಗದಿದ್ದರೆ ಆ ರಿಪೇರಿಗೆ ಮರ್ಯಾದೆಯೇ ಇಲ್ಲವೇನೋ. ಆದರೆ ಆವತ್ತು ಆ ಎರಡನೇ ಓಡಾಟ ಇಲ್ಲದಿದ್ದರೆ ಈ ಕತೆ ಹೇಳುವವರು ಬೇರೆ ದನಿಯಲ್ಲಿ ಹೇಳಬೇಕಾಗುತ್ತಿತ್ತು.

ಅವಳು ಟಾರ್ಚು ಹಿಡಿದು ಬೋರ್ಡಿನೊಳಗೆ ಇಣುಕಿದಳು. ಧೂಳು, ಜೇಡನ ಬಲೆ, ಬಣ್ಣ ಮಾಸಿದ ಮೂರು ವೈರು. ಮೂರನ್ನೂ ಸೇರಿಸಿ ಸುತ್ತಿದ್ದ ಒಂದೆಳೆ ಕೆಂಪು ದಾರ.

ಟೈಲರ್ ಮನೆಯಲ್ಲಿ ದಾರ ಎಲ್ಲಿರುವುದಿಲ್ಲ ಹೇಳಿ? ದಿಂಬಿನ ಮೇಲೆ, ಸೋಪಿನ ಮೇಲೆ, ಗಂಡನ ಯೂನಿಫಾರ್ಮಿನ ಜೇಬಿನಲ್ಲಿ, ಊಟದ ತಟ್ಟೆಯಲ್ಲಿ. ದಿನಕ್ಕೆ ಐವತ್ತು ಸಲ ಎಲ್ಲಿಂದಲೋ ದಾರ ಕಿತ್ತು ಬಿಸಾಡಿ ಅವಳ ಬೆರಳಿಗೆ ಅದು ಅಭ್ಯಾಸವೇ ಆಗಿಹೋಗಿತ್ತು. ಈಗಲೂ ಕೈ ತಾನಾಗಿ ಮುಂದೆ ಹೋಯಿತು. ಉಗುರು ಇನ್ನೇನು ದಾರಕ್ಕೆ ತಾಗಬೇಕು, ಆಗ ಗಂಟು ಕಂಡಿತು. ಒಂದಲ್ಲ, ಒಂದರ ಪಕ್ಕ ಒಂದು ಮೂರು.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಹೊಲಿಗೆ ಅಂಗಡಿಯಲ್ಲಿ ಮಾವ ಎದುರಿಗೆ ನಿಂತು "ತಾಳು" ಎಂದರೆ ಹೇಗೆ ನಿಲ್ಲುತ್ತಿದ್ದಳೋ ಹಾಗೇ ನಿಂತುಬಿಟ್ಟಳು.

ಮಾವ ಹೋಗಿ ಹನ್ನೊಂದು ವರ್ಷವಾಗಿತ್ತು. ಬೀದಿಗೆಲ್ಲ ಟೈಲರ್ ಎಂದರೆ ಅವರೇ. ಅವರ ಕತ್ತರಿ, ಮೆಷಿನ್ನು, ಗಿರಾಕಿಗಳು ಎಲ್ಲ ಇವಳ ಪಾಲಿಗೆ ಬಂದಿದ್ದರೂ ಇವಳು ಇನ್ನೂ 'ಟೈಲರ್ ಸೊಸೆ'. ಮಾವ ಮಾತು ಖರ್ಚು ಮಾಡದ ಮನುಷ್ಯ. ಬೈಯಬೇಕಾದರೂ ಕನ್ನಡಕ ತೆಗೆದು ಒರೆಸುತ್ತಿದ್ದರು, ಅಷ್ಟೇ. ಒಮ್ಮೆ ಅಂಗಡಿಯ ಕೆಲಸಗಾರನೊಬ್ಬ ಯಾರದೋ ಕೋಟಿನ ಉಣ್ಣೆ ಬಟ್ಟೆಗೆ ಇನ್ಯಾರದೋ ಅಳತೆ ಹಿಡಿದು ಕತ್ತರಿ ಆಡಿಸಿಬಿಟ್ಟ. ಗಿರಾಕಿ ಹಾಕಿಕೊಂಡು ನೋಡಿದರೆ ಕೋಟು ಹೊಕ್ಕುಳಕ್ಕೇ ಮುಗಿದಿತ್ತು. ಮಾವ ಎರಡು ದಿನ ಕನ್ನಡಕ ಒರೆಸಿದರು. ಮೂರನೇ ದಿನ ಒಂದು ಕೆಂಪು ದಾರದ ಉಂಡೆ ತಂದು ಮೇಜಿನ ಮೇಲಿಟ್ಟರು.

ಬಟ್ಟೆಗೆ ಕೆಂಪು ದಾರದ ಒಂದು ಗಂಟು ಹಾಕಿದ್ದರೆ ಅಳತೆ ಇನ್ನೊಂದು ಸಲ ನೋಡು ಎಂದರ್ಥ. ಎರಡಿದ್ದರೆ ಗಿರಾಕಿ ಬಂದು ಹಾಕಿ ನೋಡುವ ತನಕ ಹೊಲಿಗೆ ಮುಗಿಸಬೇಡ. ಮೂರಿದ್ದರೆ ಮುಟ್ಟಲೇಬೇಡ, ಬಟ್ಟೆಯ ಯಜಮಾನನೇ ಬಂದು ಹೇಳಿದರೂ ಕತ್ತರಿ ಹಾಕಬೇಡ.

"ಬಾಯಲ್ಲಿ ಹೇಳಿದ್ರೆ ಮರೀತೀರಿ. ಕಟ್ಟಿದ್ರೆ ಕಣ್ಣಿಗೆ ಬೀಳುತ್ತೆ" ಎಂದಿದ್ದರು. ಆ ವರ್ಷ ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಗಂಡನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗಲೇ ಅವನಿಗೆ ಸೂಜಿ ಕಂಡರೆ ಜ್ವರ ಬರುತ್ತಿತ್ತು. ಅಂಗಡಿಗೆ ಕಳಿಸಿದರೆ ಹಿಂಬಾಗಿಲಿನಿಂದ ಬಸ್‌ಸ್ಟ್ಯಾಂಡಿಗೆ ಓಡಿಹೋಗುತ್ತಿದ್ದ. ಅಪ್ಪ ಕೊನೆಗೆ ಕತ್ತರಿಯನ್ನು ಸೊಸೆಯ ಕೈಗೆ ಕೊಟ್ಟಾಗ "ಬಿಡು, ಈಗ ನೀನೇ ನಮ್ಮಪ್ಪನ ಮಗ" ಎಂದು ನಕ್ಕಿದ್ದ. ಆ ನಗುವಿನಲ್ಲಿ ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು ಎನ್ನುವುದು ಅವಳಿಗೆ ಗೊತ್ತು.

ಅವನು ಹೊಸ ಸ್ವಿಚ್ಚು ಹಿಡಿದು ಬಂದ. ಈ ಸಲ ಸರಿಯಾದದ್ದು, ಮೂರು ತೂತಿನದು. ಬಂದವನೇ ಬೋರ್ಡಿಗೆ ಕೈ ಹಾಕಲು ಹೋದ. ಅವಳು ಅಡ್ಡ ಬಂದು ನಿಂತಳು.

"ಮುಟ್ಟಬೇಡಿ. ಮಾವ ಮೂರು ಗಂಟು ಹಾಕಿದ್ದಾರೆ."

"ಏನು ಹಾಕಿದ್ದಾರೆ?"

ಅವಳು ತೋರಿಸಿದಳು. ಅವನು ಟಾರ್ಚಿನ ಬೆಳಕಿನಲ್ಲಿ ನೋಡಿ ನಕ್ಕುಬಿಟ್ಟ. "ಲೇ, ಅದು ದಾರ ಕಣೇ. ಈ ಮನೇಲಿ ನನ್ನ ಹಲ್ಲಿನ ಸಂದೀಲೂ ದಾರ ಇರುತ್ತೆ. ಸರಿ ಆ ಕಡೆ."

"ಇಲ್ಲ ರೀ. ಅದು ಬಂದು ಕೂತ ದಾರ ಅಲ್ಲ, ಕಟ್ಟಿದ್ದು."

"ಮೇನ್ ಆಫ್ ಆಗಿದೆ! ಫ್ಯಾನ್ ನೋಡು, ನಿಂತಿದೆ. ನಮ್ಮಪ್ಪ ಪ್ಯಾಂಟ್ ಹೊಲಿಯೋನು. ಅವನ ದಾರಕ್ಕೆ ಕರೆಂಟಿನ ವಿಷಯ ಏನು ಗೊತ್ತಾಗುತ್ತೆ?"

ಮೇನ್ ಆಫ್ ಆಗಿದ್ದು ನಿಜ. ಅವನು ಹೇಳಿದ್ದೆಲ್ಲ ಸರಿಯೇ. ಆದರೂ ಹದಿನಾರು ವರ್ಷ ಆ ಗಂಟಿಗೆ ಎದುರಾಡದೆ ಕೆಲಸ ಮಾಡಿದ ಮೈ ಜಪ್ಪಯ್ಯ ಎಂದರೂ ಅಲ್ಲಿಂದ ಅಲ್ಲಾಡಲಿಲ್ಲ. ಕುತ್ತಿಗೆ ಎತ್ತಿ ಮೆಟ್ಟಿಲ ಮೇಲಕ್ಕೆ ಕೂಗಿದಳು: "ಚಿಕ್ಕಮಾವಾ! ನಿಮ್ಮ ಟೆಸ್ಟರ್ ತಗೊಂಡು ಸ್ವಲ್ಪ ಬನ್ನಿ!"

ಚಿಕ್ಕಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಅವರಿಗೆ ಯಾವುದಕ್ಕೂ ಅವಸರವಿಲ್ಲ. ಮೊದಲು ತಮ್ಮ ಮನೆಯ ಪ್ಲಗ್ಗಿಗೆ ಟೆಸ್ಟರು ಚುಚ್ಚಿ, ಅದರ ದೀಪ ಹತ್ತುತ್ತದೆ ಎಂದು ಖಾತ್ರಿ ಮಾಡಿಕೊಂಡು, ಗೋಡೆ ತಡವುತ್ತ ಹದಿನೆಂಟು ಮೆಟ್ಟಿಲು ಇಳಿದು ಬಂದರು. ಗಂಡ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ನೋಡಿ ಚಿಕ್ಕಪ್ಪ, ನೋಡಿ. ನಿಮ್ಮ ಸೊಸೆಗೆ ಸಮಾಧಾನ ಆಗ್ಲಿ."

ಚಿಕ್ಕಮಾವ ಸ್ವಿಚ್ಚಿನ ಒಂದು ಸ್ಕ್ರೂಗೆ ಟೆಸ್ಟರು ತಾಗಿಸಿದರು. ಏನೂ ಆಗಲಿಲ್ಲ. ಗಂಡ ಹುಬ್ಬು ಹಾರಿಸಿದ. ಎರಡನೆಯದಕ್ಕೆ ತಾಗಿಸಿದರು.

ಟೆಸ್ಟರಿನ ಹೊಟ್ಟೆಯೊಳಗಿನ ಪುಟ್ಟ ದೀಪ ಹೊತ್ತಿಕೊಂಡಿತು.

ಮೂವರೂ ಅದನ್ನೇ ನೋಡುತ್ತ ನಿಂತರು. ಇವರ ಮನೆ ತಣ್ಣಗೆ ಮಲಗಿತ್ತು. ಮೇಲಿನಿಂದ, ಚಿಕ್ಕಮಾವನ ಮನೆಯ ಹಳೇ ಫ್ಯಾನು ಕಟಕ್ ಕಟಕ್ ಎಂದು ತಿರುಗುವ ಸದ್ದು ಇಳಿದು ಬರುತ್ತಿತ್ತು. ಆಗಿನವರೆಗೂ ಅದು ಯಾರ ಕಿವಿಗೂ ಬಿದ್ದಿರಲಿಲ್ಲ.

"ಇದು ನಮ್ಮನೆ ಕರೆಂಟು" ಎಂದರು ಚಿಕ್ಕಮಾವ ಮೆಲ್ಲಗೆ. "ಅಣ್ಣ ಈ ದೀಪಕ್ಕೆ ನಮ್ಮ ಮೀಟರಿಂದ ಎಳೆದಿದ್ದಾನೆ. ಕೆಳಗೆ ಏನು ಆಫ್ ಮಾಡಿದ್ರೂ ಇದು ಸಾಯಲ್ಲ."

ಅವಳಿಗೆ ಹಳೆಯದೊಂದು ನೆನಪಾಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಫ್ಯೂಸು ಸುಟ್ಟು ಮನೆಯೆಲ್ಲ ಕತ್ತಲಾದಾಗ, ಅತ್ತೆ ಮೆಟ್ಟಿಲ ದೀಪ ಹಾಕಿ ಅದರ ಬೆಳಕಿನಲ್ಲೇ ಫ್ಯೂಸಿನ ತಂತಿ ಹುಡುಕುತ್ತಿದ್ದರು. ಪ್ರತಿ ಸಲವೂ ಹಾಗೇ. ಮನೆಗೆ ಮನೆಯೇ ಕತ್ತಲಾದರೂ ಆ ದೀಪ ಯಾಕೆ ಉರಿಯುತ್ತದೆ ಎಂದು ಒಬ್ಬರಾದರೂ ಕೇಳಿದ್ದರೆ! ಎಲ್ಲರೂ ಆ ಬೆಳಕಿನಲ್ಲಿ ಕೆಲಸ ಮುಗಿಸಿಕೊಂಡು ಆರಿಸಿ ಹೋದರು. ಕೇಳಿದ್ದರೆ ತಾನೆ ಮಾವ ಹೇಳುವುದು.

ಗಂಡನ ಮುಖ ಸುಣ್ಣದ ಹಾಗಾಗಿತ್ತು. ಅವನ ಬೆರಳು ಅರ್ಧ ಗಂಟೆ ಮುಂಚೆ ಆ ಸ್ಕ್ರೂವಿನಿಂದ ಅಬ್ಬಬ್ಬಾ ಎಂದರೆ ಒಂದಂಗುಲ ದೂರವಿತ್ತು. ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಅವಳಿಗಾದದ್ದು ಭಯಕ್ಕಿಂತ ಹೆಚ್ಚಾಗಿ ಬೆರಗು. ಸತ್ತು ಹನ್ನೊಂದು ವರ್ಷವಾದ ಮನುಷ್ಯ, ಒಂದೆಳೆ ದಾರದಲ್ಲಿ, ಮುಚ್ಚಿದ ಬೋರ್ಡಿನ ಹಿಂದೆ ಕಾದು ಕೂತಿದ್ದು, ಸರಿಯಾದ ಹೊತ್ತಿಗೆ ಮಗನ ಕೈ ಹಿಡಿದರಲ್ಲ! ಇಂಥವರ ಪಕ್ಕದ ಮೆಷಿನ್ನಿನಲ್ಲಿ ಕೂತು ವರ್ಷಗಟ್ಟಲೆ ಗುಂಡಿ ಹೊಲಿದೆನಲ್ಲ, ಚಹಾ ಆರಿಹೋಯಿತು ಎಂದು ಗೊಣಗಿದೆನಲ್ಲ ಎಂದುಕೊಂಡರೆ ಅವಳ ರೋಮವೆಲ್ಲ ನಿಮಿರಿ ನಿಂತಿತು.

"ಈಗ ನೆನಪಾಗ್ತಿದೆ ನೋಡಮ್ಮ" ಎಂದರು ಚಿಕ್ಕಮಾವ. "ಕೊನೇ ವರ್ಷ, ನೀವಿಬ್ರೂ ಎಲ್ಲೋ ಹೋಗಿದ್ರಿ. ಅಣ್ಣ ಕೆಳಗಿಂದ ಕೂಗಿ, ನಿನ್ನ ಮೇನ್ ಇಳಿಸು ಅಂದ. ಯಾಕೋ ಅಂದ್ರೆ, ಗಂಟು ಬದಲಾಯಿಸಬೇಕು ಅಂದ. ಅವನ ಕೈ ಆಗ ಹೇಗೆ ನಡುಗ್ತಿತ್ತು, ನಿಂಗೊತ್ತಲ್ಲ. ಇದೇ ಸ್ಟೂಲ್ ಮೇಲೆ ಅರ್ಧ ಗಂಟೆ ಕೂತಿದ್ದ. ಮುದುಕಂಗೆ ಅರಳುಮರುಳು ಅಂದ್ಕೊಂಡು ಸುಮ್ಮನಾದೆ ನಾನು."

"ಚೆನ್ನಾಗಿದ್ದ ಗಂಟನ್ನ ಯಾಕೆ ಬದಲಾಯಿಸಿದ್ರು?" ಎಂದಳು ಅವಳು.

ಚಿಕ್ಕಮಾವನಿಗೂ ಗೊತ್ತಿರಲಿಲ್ಲ. ಟೆಸ್ಟರನ್ನು ಅವಳ ಕೈಗೆ ಕೊಟ್ಟು, ಮೇಲೆ ಹೋಗಿ ತಮ್ಮ ಮೇನ್ ಇಳಿಸಿ, "ಆಯ್ತು! ನಾನು ಇಲ್ಲೇ ಕಾವಲು ನಿಂತಿರ್ತೀನಿ!" ಎಂದು ಕೂಗಿದರು. ಅವರ ಫ್ಯಾನಿನ ಕಟಕ್ ಕಟಕ್ ನಿಂತಿತು. ಅವಳು ಟೆಸ್ಟರು ಇಟ್ಟು ನೋಡಿದಳು. ದೀಪ ಹತ್ತಲಿಲ್ಲ. ಮೂರೂ ಸ್ಕ್ರೂಗಳಿಗೆ ಇಟ್ಟಳು. ಎಲ್ಲೂ ಇಲ್ಲ.

ವೈರುಗಳನ್ನು ಬಿಡಿಸಬೇಕಾದರೆ ದಾರ ತೆಗೆಯಬೇಕಿತ್ತು. ಗಂಡ ಮುಂದೆ ಬಂದು ಉಗುರಿನಿಂದ ಗಂಟು ಕೆದಕಿದ. ಎಳೆದಷ್ಟೂ ಅದು ಬಿಗಿಯಾಯಿತು. "ಕತ್ತರಿ ಕೊಡು."

"ಮೂರು ಗಂಟಿಗೆ ಕತ್ತರಿ ಹಾಕೋ ಹಾಗಿಲ್ಲ. ಬಿಚ್ಚಬೇಕು."

ಅವಳು ದಾರದ ತುದಿಗಾಗಿ ಬೆರಳಾಡಿಸಿದಳು. ಅಂಗಡಿಯ ಗಂಟು ಎಂದರೆ ತುದಿ ಬಲಕ್ಕೆ ಬಿಟ್ಟಿರುತ್ತದೆ, ಬಲಗೈಯಲ್ಲಿ ಎಳೆದರೆ ಸಡಿಲುತ್ತದೆ. ಬಲಕ್ಕೆ ತುದಿ ಇರಲಿಲ್ಲ. ಇದ್ದದ್ದು ಎಡಕ್ಕೆ.

ಅವಳು ಎಡಗೈಯವಳು. ಅಂಗಡಿಗೆ ಬಂದ ಮೊದಲ ತಿಂಗಳು ಅವಳ ಕತ್ತರಿ ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಅಗಿಯುತ್ತಿತ್ತು. ಕೆಲಸಗಾರರು ಮುಸಿಮುಸಿ ನಗುತ್ತಿದ್ದರು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮಾವ ಒಬ್ಬರೇ ಕೂತು ಎಡಗೈಯಲ್ಲಿ ಸೂಜಿ ಹಿಡಿದು, ಅಕ್ಷರ ತಿದ್ದುವ ಮಗುವಿನ ಹಾಗೆ ತುಟಿ ಕಚ್ಚಿಕೊಂಡು ಹೊಲಿಯುತ್ತಿದ್ದರು. ಐವತ್ತು ವರ್ಷ ಬಲಗೈಯಲ್ಲಿ ಹೊಲಿದ ಮನುಷ್ಯ! "ನಿಂಗೆ ಹೇಳ್ಕೊಡಬೇಕು ಅಂದ್ರೆ ನಂಗೆ ಮೊದ್ಲು ಬರಬೇಕಲ್ಲ" ಎಂದಿದ್ದರು. ಅಂದಿನಿಂದ ಅವಳಿಗೆಂದು ಇಟ್ಟ ಬಟ್ಟೆಗೆ ಮಾತ್ರ ಅವರ ಗಂಟಿನ ತುದಿ ಎಡಕ್ಕೆ ಇರುತ್ತಿತ್ತು.

ಅವಳು ಎಡಗೈಯಲ್ಲಿ ತುದಿ ಹಿಡಿದು ಎಳೆದಳು. ಹನ್ನೆರಡು ವರ್ಷದ ಹಿಂದಿನ ಗಂಟು, ನಿನ್ನೆ ಕಟ್ಟಿದ್ದರೋ ಎನ್ನುವ ಹಾಗೆ ಸರ್ರನೆ ಬಿಚ್ಚಿಕೊಂಡಿತು. ಎರಡನೆಯದೂ ಬಂತು. ಮೂರನೆಯದೂ ಬಂತು.

ಗಂಡ ಅವಳ ಕೈಯನ್ನೇ ನೋಡುತ್ತಿದ್ದ. ಅವನಿಗೆ ಹೊಲಿಗೆ ಬಾರದಿದ್ದರೂ ಇಷ್ಟು ಅರ್ಥವಾಯಿತು.

"ನಿಂಗೆ ಅಂತ ಕಟ್ಟಿದ್ದಾ?"

"ಹೂಂ."

"ಅಪ್ಪಂಗೆ ನನ್ನ ಮೇಲೆ ಒಂದು ಚೂರೂ ನಂಬಿಕೆ ಇರಲಿಲ್ಲ ನೋಡು."

"ಇತ್ತು ರೀ" ಎಂದಳು ಅವಳು. "ನೀವು ಇದಕ್ಕೆ ಒಂದಿನ ಕೈ ಹಾಕೇ ಹಾಕ್ತೀರಿ ಅಂತ ಪೂರ್ತಿ ನಂಬಿಕೆ ಇತ್ತು. ಅದಕ್ಕೇ ನನ್ನ ಕೈಗೆ ಕಟ್ಟಿಟ್ಟರು. ನಿಮ್ಮ ಕೈ ಉಳೀಲಿ ಅಂತ."

ಅವನು ಸ್ಕ್ರೂಡ್ರೈವರನ್ನು ಮೆಟ್ಟಿಲ ಮೇಲಿಟ್ಟು, ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಕಣ್ಣು ಒರೆಸಿಕೊಳ್ಳಲು ತೋಳು ಮೇಲೆತ್ತಿ, ಅವಳು ನೋಡುತ್ತಿದ್ದಾಳೆಂದು ಕೆಳಗಿಳಿಸಿದ.

ಮೇಲಿನಿಂದ ಚಿಕ್ಕಮಾವ ಕೂಗಿದರು: "ಏನ್ರೋ, ಮುಗೀತಾ? ಮೇನ್ ಹಾಕ್ಲಾ?"

"ಬೇಡ ಚಿಕ್ಕಪ್ಪ, ತಾಳಿ!" ಎಂದು ಅವನು ಕೂಗಿದ. "ನಾನಿನ್ನೂ ಕೈ ಹಾಕಿಲ್ಲ. ಇನ್ನೊಂದ್ಸಲ ಟೆಸ್ಟರ್ ಇಟ್ಟು ನೋಡ್ತೀನಿ."