ಎರಡನೆಯ ಅಲ್ಪವಿರಾಮ

ಅನುಮಾನ ನನಗೆ ಅಮ್ಮನಿಂದ ಬಂದದ್ದು. ಚಿಕ್ಕಬಳ್ಳಾಪುರದ ಸಂತೆಯಲ್ಲಿ ಅವಳು ಬೇಳೆ ತೂಗಿಸಿದ ಮೇಲೆ ತಕ್ಕಡಿಯ ತಟ್ಟೆಗಳನ್ನು ಅದಲುಬದಲು ಮಾಡಿಸಿ ಮತ್ತೊಮ್ಮೆ ತೂಗಿಸುತ್ತಿದ್ದಳು. ನಾನೂ ಹಾಗೆಯೇ ಬೆಳೆದೆ. ಐವತ್ತರ ದಶಕದ ಕೊನೆಗೆ ದಿಬ್ಬೂರಹಳ್ಳಿ ಕಡೆಯ ಒಂದು ಊರಿಗೆ ಟೀಚರಾಗಿ ಹೋದಾಗ ಹಾಲಿನವಳ ಅಳತೆ, ಬಸ್ಸಿನ ಕಂಡಕ್ಟರನ ಮುಖ, ಹೆಡ್‌ಮೇಷ್ಟ್ರ ನಗು, ಎಲ್ಲದರ ಮೇಲೂ ನನಗೊಂದು ಕಣ್ಣು. ನನ್ನ ಮೇಲೆ ಮಾತ್ರ ಇರಲಿಲ್ಲ.

ಆ ಊರಿಗೆ ಇದ್ದದ್ದು ಒಂದೇ ಕೆರೆ. ತೂಬು ತೆಗೆದು ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿ ಬಿಡುವವರು ನೀರುಗಂಟಿ. ಅವರ ಅಪ್ಪ, ತಾತ ಎಲ್ಲರೂ ಅದೇ ಕೆಲಸ ಮಾಡಿದವರು. ಮನೆ ಊರಾಚೆಯ ಕೇರಿಯಲ್ಲಿ. ವಯಸ್ಸು ಐವತ್ತು ದಾಟಿತ್ತು. ಇಪ್ಪತ್ತೆರಡು ವರ್ಷದ ನಾನು ಊರಿನವರಂತೆ ಅವರನ್ನು ‘ನೀನು’ ಎಂದೇ ಮಾತಾಡಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಬೇಸಿಗೆಯಲ್ಲಿ ಶಿಡ್ಲಘಟ್ಟದಿಂದ ಓವರ್‌ಸಿಯರ್ ಬಂದು ಕೆರೆ ಅಳೆದುಕೊಂಡು ಹೋದ. ಅವನ ಜೊತೆ ಸರಪಳಿ ಹಿಡಿದು ನಡೆದವರು, ಎಲ್ಲೆಲ್ಲಿ ಎಷ್ಟು ಆಳ ಎಂದು ತೋರಿಸಿದವರು ನೀರುಗಂಟಿ. ಹೋಗುವಾಗ ಓವರ್‌ಸಿಯರ್ ಅವರಿಗೊಂದು ಬೀಡಿ ಕೊಟ್ಟದ್ದನ್ನು ನಾನು ಶಾಲೆಯ ಕಿಟಕಿಯಿಂದ ನೋಡಿದೆ. ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡೆ.

ಮಳೆಗಾಲಕ್ಕೆ ಮುಂಚೆ ಪಟೇಲರಿಗೆ ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿ ಟೈಪಾಗಿತ್ತು. ಹೆಡ್‌ಮೇಷ್ಟ್ರ ಇಂಗ್ಲಿಷ್ ಅಷ್ಟಕ್ಕಷ್ಟೆ, ಹಾಗಾಗಿ ಒಂದು ಬೆಳಿಗ್ಗೆ ಊರಿನ ಹಿರಿಯರೆಲ್ಲ ಶಾಲೆಯ ಜಗುಲಿಗೆ ಬಂದು ಕಾಗದವನ್ನು ನನ್ನ ಕೈಗೆ ಕೊಟ್ಟರು. ಕೆರೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬುದರ ಮೇಲೆ ಎಷ್ಟು ಎಕರೆ ಗದ್ದೆಗೆ ನೀರು ಎಂದು ಆಫೀಸಿನವರು ಗೊತ್ತುಮಾಡುವವರಿದ್ದರು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ನನಗೆ ಸ್ವಲ್ಪ ಜಂಬವೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಕಾಗದದಲ್ಲಿ ಇದ್ದದ್ದು 12,000,000 ಘನ ಅಡಿ. ದಿನಾ ಬೋರ್ಡಿನ ಮೇಲೆ ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದ ಪಾಠ ಇದು: ಬಲಗಡೆಯಿಂದ ಮೊದಲ ಅಲ್ಪವಿರಾಮ ಬಂದರೆ ಸಾವಿರ, ಎರಡನೆಯದು ಬಂದರೆ ಲಕ್ಷ, ಮೂರನೆಯದು ಬಂದರೆ ಕೋಟಿ. ನನ್ನ ಕಣ್ಣು ಸೊನ್ನೆಗಳನ್ನು ನೋಡಲೇ ಇಲ್ಲ. ಎರಡನೆಯ ಅಲ್ಪವಿರಾಮ ಸಿಕ್ಕಿತು, ಅದರ ಹಿಂದೆ ಹನ್ನೆರಡು ಇತ್ತು.

“ಹನ್ನೆರಡು ಲಕ್ಷ,” ಎಂದೆ.

ಪಟೇಲರು ಮನೆಯಿಂದ ಹಿಂದಿನ ಅಳತೆಯ ಹಳೆಯ ಕಾಗದ ತರಿಸಿದರು. ಅದು ಕನ್ನಡದಲ್ಲಿತ್ತು. ಒಂದು ಕೋಟಿ ಇಪ್ಪತ್ತು ಲಕ್ಷ ಘನ ಅಡಿ ಎಂದು ಅಕ್ಷರದಲ್ಲೇ ಬರೆದಿದ್ದರು. ಕೆರೆಯ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಕಾಗದದಲ್ಲೇ ಬತ್ತಿಹೋಗಿತ್ತು.

“ಆಳ ತೋರ್ಸಿದ್ದು ಯಾರು?” ಎಂದರು ಪಟೇಲರು, ಮೆಲ್ಲಗೆ.

ನಾನು ಆಗ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಬೀಡಿಯ ವಿಷಯ ಹೇಳಿದೆ.

ನೀರುಗಂಟಿಯನ್ನು ಕರೆಸಿದರು. ಅವರು ಬಂದು ಜಗುಲಿಯ ಕೆಳಗೆ ನಿಂತರು. “ಕೆರೆ ಎಲ್ಲೂ ಹೋಗಿಲ್ಲ ಬುದ್ಧಿ. ಇದ್ದಿದ್ದು ಇದ್ದಂಗೇ ತೋರ್ಸಿದೀನಿ,” ಎಂದರು.

“ಹಂಗಾರೆ ಕಾಗ್ದ ಸುಳ್ಳು ಹೇಳ್ತದಾ? ಕೆಳಗಿನೂರೋರು ಏನು ಆಸೆ ತೋರ್ಸಿದ್ರಲಾ ನಿಂಗೆ?” ಎಂದರು ಒಬ್ಬರು. ನಮ್ಮ ಪಾಲು ತಗ್ಗಿದರೆ ಮಿಕ್ಕ ನೀರು ಹೋಗುವುದು ಕೆಳಗಿನ ಊರಿಗೆ ಎಂಬುದು ಎಲ್ಲರ ಲೆಕ್ಕ. ನೀರುಗಂಟಿ ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಅಷ್ಟು ಸಮಾಧಾನವಾಗಿ ನಿಂತಿದ್ದಕ್ಕೇ ನನಗೆ ಅವರ ಮೇಲೆ ಇನ್ನಷ್ಟು ಅನುಮಾನ ಬಂತು. ಅದೇ ದಿನ ತೂಬಿನ ಕೆಲಸ ಅವರ ಕೈತಪ್ಪಿ ಪಟೇಲರ ಭಾವಮೈದುನನಿಗೆ ಹೋಯಿತು.

ತಕರಾರು ಅರ್ಜಿ ಬರೆದವಳೂ ನಾನೇ. ಶನಿವಾರ ಶಾಲೆ ಮುಗಿಸಿ, ಬಸ್ಸು ಹತ್ತಿ, ಶಿಡ್ಲಘಟ್ಟದ ಆಫೀಸಿಗೆ ಹೋಗಿ ಗುಮಾಸ್ತರ ಮೇಜಿನ ಮೇಲೆ ಕಾಗದ ಇಟ್ಟು ಜೋರಾಗಿಯೇ ಕೇಳಿದೆ. ಅವರು ಕನ್ನಡಕ ಏರಿಸಿ ನೋಡಿ, ಪೆನ್ಸಿಲಿನಿಂದ ಒಂದೊಂದು ಸೊನ್ನೆಯ ಕೆಳಗೂ ಚುಕ್ಕೆ ಇಟ್ಟರು.

“ಎಣಿಸಿ ಅಮ್ಮ.”

ಆರು ಸೊನ್ನೆ.

“ಲಕ್ಷಕ್ಕೆ ಎಷ್ಟು?”

“ಐದು,” ಎಂದೆ.

“ಇಂಗ್ಲಿಷಿನೋರು ಮೂರು ಮೂರಂಕಿಗೇ ಕಾಮಾ ಹಾಕೋದು. ನಮ್ಮಂಗೆ ಎರಡೆರಡಕ್ಕೆ ಅಲ್ಲ. ಅವರ ಒಂದು ಮಿಲಿಯನ್ ಅಂದ್ರೆ ನಮ್ಮ ಹತ್ತು ಲಕ್ಷ. ಹನ್ನೆರಡು ಮಿಲಿಯನ್ ಎಷ್ಟಾಯ್ತು ನೀವೇ ಹೇಳಿ.”

ಒಂದು ಕೋಟಿ ಇಪ್ಪತ್ತು ಲಕ್ಷ. ಹಳೆಯ ಕಾಗದದಲ್ಲಿದ್ದಷ್ಟೇ. ಆಗಲೂ ನನ್ನ ಬುದ್ಧಿ ನೋಡಿ: ಈ ಮನುಷ್ಯ ನನ್ನ ಕಣ್ಣೆದುರೇ ಒಂದು ಸೊನ್ನೆ ಸೇರಿಸಿಬಿಟ್ಟನೇ ಎಂದು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ. ಬಸ್ಸಿನಲ್ಲಿ ಮತ್ತೆ ಎಣಿಸಿದೆ. ದಿಬ್ಬೂರಹಳ್ಳಿ ಬರುವವರೆಗೂ ಎಣಿಸಿದೆ. ಆರೇ ಇದ್ದವು.

ಮಾರನೆಯ ದಿನ ಹಿರಿಯರನ್ನು ಶಾಲೆಗೆ ಕರೆಸಿ ಬೋರ್ಡಿನ ಮೇಲೆ ಎರಡೂ ರೀತಿಯಲ್ಲಿ ಬರೆದು ತೋರಿಸಿದೆ. ತಪ್ಪು ನನ್ನದು, ನೀರುಗಂಟಿಯದಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಅವರು ಬೋರ್ಡನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಆವತ್ತು ಹನ್ನೆರಡು ಲಕ್ಷ ಅಂದ್ರಿ. ಈಗ ಆಫೀಸಿಗೆ ಹೋಗಿ ಬಂದು ಕೋಟಿ ಅಂತೀರಿ,” ಎಂದರು ಪಟೇಲರು. “ಆಯ್ತು ಬಿಡಿ ಟೀಚರಮ್ಮ.” ಅಂಗಳಕ್ಕೆ ಇಳಿದು ಹೋಗುವಾಗ ಯಾರೋ ಹೇಳಿದ್ದು ನನ್ನ ಕಿವಿಗೆ ಬಿತ್ತು: “ಟೀಚರಮ್ಮನ್ನೂ ಬುಟ್ಟಿಗೆ ಹಾಕ್ಕೊಂಡವನೆ ನೋಡು.” ನಾನು ತಪ್ಪು ಒಪ್ಪಿಕೊಂಡದ್ದೇ ನೀರುಗಂಟಿಯ ವಿರುದ್ಧ ಹೊಸ ಸಾಕ್ಷಿಯಾಗಿಬಿಟ್ಟಿತು.

ಆ ಸಂಜೆ ನಾನು ಮೊದಲ ಸಲ ಕೇರಿಗೆ ಹೋದೆ. ನೀರುಗಂಟಿ ಬಾಗಿಲಲ್ಲಿ ಕೂತು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ತಹಶೀಲ್ದಾರರಿಂದಲೇ ಕನ್ನಡದಲ್ಲಿ ಬರೆಸಿಕೊಂಡು ಬರುತ್ತೇನೆ, ಕೆಲಸ ವಾಪಸು ಕೊಡಿಸುತ್ತೇನೆ ಎಂದೆ. ಅವರು ಹಗ್ಗ ಕೆಳಗಿಟ್ಟು ಬೀದಿಯ ಎರಡೂ ಕಡೆ ನೋಡಿದರು.

“ಬೇಡಮ್ಮ. ನೀವು ನಮ್ಮ ಬಾಗ್ಲಿಗೆ ಬಂದಿದ್ದು ಯಾರಾದ್ರೂ ನೋಡಿದ್ರೆ ಅದಕ್ಕೂ ಒಂದು ಕತೆ ಕಟ್ತಾರೆ. ಹೋಗಿ.”

ನಾನು ಕದಲಲಿಲ್ಲ.

“ನನ್ನ ಮಾತು ಯಾರೂ ನಂಬಲ್ಲ, ಅದು ನಂಗೆ ಗೊತ್ತಿರೋದೇ ಕಣಮ್ಮ,” ಎಂದರು. “ನಿಮ್ಮ ಮಾತು ನಂಬ್ತಿದ್ರು. ಅದನ್ನ ನನ್ನ ಮೇಲೆ ಖರ್ಚು ಮಾಡ್ಬುಟ್ರಿ. ಈಗ ನನ್ನ ಪರವಾಗಿ ಹೇಳೋಕೆ ನಿಮ್ಮ ಹತ್ರ ಏನೈತೆ?”